ಸೋರ್ಸ್ ಕೋಡ್ ತೆರೆದಿರುವ ತಂತ್ರಾಂಶವನ್ನು ಸಂಘದ ಲೆಕ್ಕಪತ್ರಕ್ಕೆ ನಂಬಬಹುದೇ?

ಪ್ರಶ್ನೆ: ಕಾರಕೂನ, ಜಮಖಂಡಿ

ಮಾನ್ಯರೇ, ನಮ್ಮ ಪತ್ತಿನ ಸಹಕಾರ ಸಂಘದ ಠೇವಣಿ, ಬೆಳೆಸಾಲ, ಷೇರಿನ ಲೆಕ್ಕವೆಲ್ಲ ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರಿನಲ್ಲಿದೆ. ಅದನ್ನು ತೆಗೆದು, ಸೋರ್ಸ್ ಕೋಡ್ (ತಂತ್ರಾಂಶ ಬರೆದ ಮೂಲ ಸಾಲುಗಳು) ಎಲ್ಲರಿಗೂ ತೆರೆದಿರುವ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಹಾಕಿಸೋಣವೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಹೇಳಿದೆ. ಅಧ್ಯಕ್ಷರು, ‘ಅದರ ಕೋಡನ್ನು ಯಾರು ಬೇಕಾದರೂ ಓದಬಹುದಂತಲ್ಲ, ಕಳ್ಳನ ಕೈಗೆ ಮನೆಯ ನಕ್ಷೆ ಕೊಟ್ಟಂತಾಗುವುದಿಲ್ಲವೇ?’ ಎಂದು ಕೇಳಿದರು. ಅವರಿಗೆ ಏನೆಂದು ಉತ್ತರಿಸಲಿ?

ಉತ್ತರ 1: ಉಪನ್ಯಾಸಕ, ವಿಜಯಪುರ

ಅಧ್ಯಕ್ಷರ ಸಂಶಯ ಸಹಜವೇ. ಆದರೆ ಗುಟ್ಟು ಇರಬೇಕಾದದ್ದು ಕೀಲಿಯಲ್ಲಿ, ವಿಧಾನದಲ್ಲಲ್ಲ ಎಂಬುದನ್ನು ಗೂಢಲಿಪಿ ತಜ್ಞ ಕೆರ್ಕಾಫ್ಸ್ 1883ರಲ್ಲೇ ಹೇಳಿದ್ದಾರೆ. ಇಂದು ಬ್ಯಾಂಕುಗಳು ಬಳಸುವ ಎಇಎಸ್ ಗೂಢಲಿಪಿಯ ವಿಧಾನವೂ ಬಹಿರಂಗವಾಗಿಯೇ ಇದೆ. ವಿಂಡೋಸ್ ಕೋಡ್ ಮುಚ್ಚಿಟ್ಟಿದ್ದರೂ 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಅದರೊಳಗೆ ನುಗ್ಗಿತು. ಆ ದೋಷಕ್ಕೆ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮ ವಿಂಡೋಸ್ 7ಕ್ಕೆ ಉಚಿತ ಭದ್ರತಾ ಪರಿಹಾರಗಳು ನಿಂತದ್ದು 2020ರ ಜನವರಿ 14ರಂದು. ಸಭೆಯಲ್ಲಿ ಮೊದಲು ಚರ್ಚೆಯಾಗಬೇಕಾದ ಅಪಾಯ ಅದು.

ಉತ್ತರ 2: ಸರ್ವರ್ ನಿರ್ವಾಹಕಿ, ಬೆಳಗಾವಿ

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೂ ಕೋಡ್ ತೆರೆದಿದೆ ಎಂದ ಮಾತ್ರಕ್ಕೆ ಯಾರೋ ಅದನ್ನು ಓದಿದ್ದಾರೆಂದು ನಂಬಿ ಕೂರಬಾರದು. ಅಂತರ್ಜಾಲ ಸಂಪರ್ಕವನ್ನು ಗೂಢಗೊಳಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿದ್ದ ಹಾರ್ಟ್‌ಬ್ಲೀಡ್ ದೋಷದಿಂದ ಪ್ರತಿ ವಿನಂತಿಗೆ ಸರ್ವರಿನ ಮೆಮೊರಿಯ 64 ಕಿಲೋಬೈಟ್‌ವರೆಗಿನ ಮಾಹಿತಿ ಸೋರಬಹುದಿತ್ತು; ಎರಡು ವರ್ಷ ಎಲ್ಲರೆದುರಿಗೇ ಇದ್ದ ಆ ದೋಷ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಜಗತ್ತೇ ನೆಚ್ಚಿದ್ದ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಕೆಲವೇ ಮಂದಿ.

ಲಿನಕ್ಸ್‌ನಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ 2024ರ ಪ್ರಕರಣ ಇನ್ನೂ ಗಂಭೀರವಾದದ್ದು. ವರ್ಷಗಟ್ಟಲೆ ಕೆಲಸ ಮಾಡಿ ವಿಶ್ವಾಸ ಗಳಿಸಿದ್ದ ಸಹ ನಿರ್ವಾಹಕನೇ ಅದರಲ್ಲಿ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, ಇರಿಸಿದ್ದನು. ಅದರ ಒಂದು ಭಾಗವನ್ನು ಪರೀಕ್ಷೆಯ ಕಡತಗಳಲ್ಲಿ ಅಡಗಿಸಿ, ಅದನ್ನು ಚಾಲೂ ಮಾಡುವ ಸಾಲುಗಳನ್ನು ಎಲ್ಲರೂ ನೋಡುವ ಕೋಡಿನಲ್ಲಿಡದೆ, ಹಂಚುವ ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಸೇರಿಸಿದ್ದನು. ಆ ಹಿಂಬಾಗಿಲಿನ ದೆಸೆಯಿಂದ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಪ್ರವೇಶಿಸುವ ವಿಧಾನ) ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಗಮನಿಸಿ, ಬೆನ್ನುಹತ್ತಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಅವರು ಆ ತಂತ್ರಾಂಶದ ಒಡೆಯರಲ್ಲ. ಆದರೂ ಒಳಹೊಕ್ಕು ನೋಡಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಹೀಗೆ ಕೋಡ್ ತೆರೆದಿರುವ ಸ್ವತಂತ್ರ ತಂತ್ರಾಂಶ ಕೊಡುವುದು ಈ ಹಕ್ಕನ್ನು. ಅದನ್ನು ಚಲಾಯಿಸುವ ಜನರೂ ಅವರಿಗೆ ಸಂಬಳವೂ ಬೇಕು ಎಂಬುದನ್ನು ನಾವು ಬಹಳ ಸಲ ಮರೆಯುತ್ತೇವೆ.

ಆ ಹಿಂಬಾಗಿಲು ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನ ಸ್ಥಿರ (ಪರೀಕ್ಷೆ ಮುಗಿದ) ಆವೃತ್ತಿಯನ್ನು ತಲುಪುವ ಮೊದಲೇ ಸಿಕ್ಕಿಬಿತ್ತು. ಆದ್ದರಿಂದ ಸಂಘಕ್ಕೆ ಸ್ಥಿರ ಆವೃತ್ತಿಯನ್ನೇ ಆರಿಸಿ, ತಯಾರಕರ ಅಧಿಕೃತ ತಂತ್ರಾಂಶ ಭಂಡಾರದಿಂದಲೇ ಹಾಕಿಸಿ, ಭದ್ರತಾ ಅಪ್‌ಡೇಟ್ ನಿಲ್ಲಿಸಬೇಡಿ.

ಉತ್ತರ 3: ಲೆಕ್ಕಪರಿಶೋಧಕ, ಬಾಗಲಕೋಟೆ

ಬದಲಿಸುವ ಮುನ್ನ ನಿಮ್ಮ ಲೆಕ್ಕದ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಅದನ್ನು ಕೊಟ್ಟವರಿಂದ ಬರಹದಲ್ಲಿ ಪಡೆಯಿರಿ. ಯಾವುದನ್ನೇ ಹಾಕಿಸಿದರೂ, ದಿನದ ವಹಿವಾಟು ಮುಗಿದ ಮೇಲೆ ಬ್ಯಾಕಪ್ ತೆಗೆದು, ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ತಿಜೋರಿಯಲ್ಲಿಡಿ.