ಬಿಸಿಲಿಗಿಟ್ಟ ದಿನವೇ ಮೆಣಸಿನ ಸಸಿ ಬೆಳ್ಳಗಾಯ್ತು. ನಿಮಗೂ ಹೀಗಾಗಿದೆಯಾ?

ಬೆಂಗಳೂರು, ತಾರಸಿ ತೋಟ: ಬ್ಯಾಡಗಿ ಬೀಜ ಹಾಕಿ ಬಾಲ್ಕನಿಯ ನೆರಳಲ್ಲಿ 40 ಸಸಿ ಎಬ್ಬಿಸಿದ್ದೆ. ಆರೆಲೆ ಬಂದಿತ್ತು. ಭಾನುವಾರ ಎಲ್ಲವನ್ನೂ ಒಂದೇ ಸಲ ತಾರಸಿಗೆ ಹೊತ್ತೆ. ಸಂಜೆ ಹೋಗಿ ನೋಡಿದರೆ ಮೇಲಿನ ಎಲೆಗಳು ಬಟರ್ ಪೇಪರ್ ತರಹ ಬೆಳ್ಳಗೆ, ಮುಟ್ಟಿದರೆ ಪುಡಿ. 22 ಉಳಿದಿವೆ. ಇವನ್ನು ಬಿಸಿಲಿಗೆ ಹೇಗೆ ರೂಢಿ ಮಾಡಲಿ?

ರಾಣೆಬೆನ್ನೂರು ಕಡೆಯವ: ನಿಮ್ಮದು 18 ಸಸಿ ಹೋಯ್ತು ಅಕ್ಕ, ನನ್ನದು ಮೂರೂವರೆ ಸಾವಿರ. ಲೆಕ್ಕ ಕೇಳಿ. 9,000 ಟ್ರೇ ಸಸಿ, ಒಂದಕ್ಕೆ 1 ರೂಪಾಯಿ 10 ಪೈಸೆಯಂತೆ 9,900. ಟೆಂಪೋ 1,800. ಹಚ್ಚಲು 12 ಆಳು, 350ರಂತೆ 4,200. ನರ್ಸರಿಯವನು ಶೇಡ್ ನೆಟ್ ಒಳಗಿಂದ ನೇರ ಟೆಂಪೋಗೆ ಹತ್ತಿಸಿದ್ದ. ಸಸಿ ಎಷ್ಟು ಚೆಂದ ಅಂತೀರಿ, ಕಡುಹಸಿರು, ಗೇಣುದ್ದ. ಗೊಬ್ಬರದ ನೀರು ಕುಡಿಸಿ ಕುಡಿಸಿ ಉಬ್ಬಿಸಿದ್ದು ಅಂತ ಆಮೇಲೆ ಗೊತ್ತಾಯ್ತು. ದಂಟು ಚಿವುಟಿದರೆ ನೀರು ಬರ್ತಿತ್ತು. ಮೂರನೇ ದಿನಕ್ಕೆ ಸಾಲಿಗೆ ಸಾಲೇ ಮಲಗಿತು. ಮತ್ತೆ 3,500 ಸಸಿ ತಂದೆ, ಆಗ ರೇಟು 1.40. ಅದು 4,900, ಟೆಂಪೋ 1,200, ಆಳು 2,100. ಒಟ್ಟು 24,100, ಇನ್ನೂ ಒಂದು ಕಾಯಿ ನೋಡಿಲ್ಲ. ಈಗ ಟ್ರೇ ತಂದು ಹುಣಸೆ ಮರದ ಕೆಳಗೆ ಇಡ್ತೀನಿ. ಮೊದಲ ಎರಡು ದಿನ ಬೆಳಗಿನ ಬಿಸಿಲು ಒಂದು ತಾಸು, ಆಮೇಲೆ ಎರಡು, ಹೀಗೆ ಎಂಟು ದಿನ. ನೆರಳು ಮೆಲ್ಲಗೆ ಬಿಡಿಸಬೇಕು, ಅಷ್ಟೇ.

ಕುಂದಗೋಳ: ನೆರಳಿನದ್ದೇನೂ ಇಲ್ಲ ತಮ್ಮ, ಎಲ್ಲಾ ನೀರಿನ ಆಟ. ನಮ್ಮಪ್ಪನ ಕಾಲದಿಂದ ಮಡಿಯಲ್ಲೇ ಅಗಿ, ಅಂದ್ರೆ ಸಸಿ, ಮಾಡ್ತೀವಿ, ಮೊಳಕೆ ಬಂದ ದಿನದಿಂದ ಅದರ ನೆತ್ತಿ ಮೇಲೆ ಬಿಸಿಲು. ಕೀಳೋ ಮುಂಚೆ ಒಂದು ವಾರ ನೀರು ಕಡಿಮೆ ಮಾಡ್ತೀವಿ, ದಂಟು ಸ್ವಲ್ಪ ಕಪ್ಪಗಾಗಬೇಕು. ಕೀಳೋ ಹಿಂದಿನ ಸಂಜೆ ಚೆನ್ನಾಗಿ ನೀರು, ಇಲ್ಲಾಂದ್ರೆ ಬೇರು ಹರಿಯುತ್ತೆ. 2023ರ ಬರದಲ್ಲಿ ಮಾತ್ರ ಕೆಟ್ಟೆ. ಇವತ್ತು ಮಳೆ, ನಾಳೆ ಮಳೆ ಅಂತ ಕಾದು ಅಗಿಗೆ 60 ದಿನ ಆಯ್ತು, ಮಡಿಯಲ್ಲೇ ಹೂ ಬಿಟ್ಟಿತು. ಹಚ್ಚಿದ ಮೇಲೆ ಮೊಣಕಾಲು ಎತ್ತರಕ್ಕೂ ಬರಲಿಲ್ಲ. ಅದು ದೇವರ ತಪ್ಪು, ನನ್ನದಲ್ಲ.

ರಾಣೆಬೆನ್ನೂರು ಕಡೆಯವ: ದೇವರ ತಪ್ಪಲ್ಲ ಯಜಮಾನ್ರೇ, ಅಷ್ಟು ದಿನ ನೀರು ಕೊಡದೆ ಒಣಗಿಸಿದ್ದು ನೀವೇ. ಟ್ರೇಯಲ್ಲಿರೋದು ಕೊಕೊಪೀಟ್, ತೆಂಗಿನ ನಾರಿನ ಪುಡಿ. ಕುಳಿಯಲ್ಲಿ ಇರೋದೇ ಸ್ವಲ್ಪ. ನಿಮ್ಮ ಮಾತು ಕೇಳಿ ನೀರು ನಿಲ್ಲಿಸಿದರೆ ಮಧ್ಯಾಹ್ನಕ್ಕೆ ಸತ್ತಿರುತ್ತೆ.

ಕುಂದಗೋಳ: ಮೂರೂವರೆ ಸಾವಿರ ಸಸಿ ಸಾಯಿಸಿದವರು ನನಗೆ ಪಾಠ ಹೇಳ್ತಾರೆ. ಆಗಲಿ.

ಮಿಷಿಗನ್‌ನಿಂದ: ನೀವೆಲ್ಲ ಪುಣ್ಯವಂತರು, ನಮಗೆ ಬಿಸಿಲಿಗಿಂತ ಚಳಿಯದ್ದೇ ಕಾಟ. ಮಾರ್ಚ್‌ನಲ್ಲಿ ನೆಲಮಾಳಿಗೆಯ ದೀಪದ ಕೆಳಗೆ ಬೀಜ ಹಾಕೋದು, ಮೇ ಕೊನೆ ತನಕ ಹೊರಗೆ ನೆಡೋ ಹಾಗಿಲ್ಲ. 34 ಕುಂಡ. ಬೆಳಗ್ಗೆ ಹೊರಗೆ, ಸಂಜೆ ಗ್ಯಾರೇಜಿಗೆ, ಹೀಗೆ 14 ದಿನ, ಸೊಂಟ ಹಿಡಿದು ಎರಡು ದಿನ ರಜೆ ಬೇರೆ. ಹತ್ತನೇ ದಿನ ಮರೆತು ಮಲಗಿದೆ. ರಾತ್ರಿ 3 ಡಿಗ್ರಿ. ಸಾಯಲಿಲ್ಲ, ಆದರೆ ಎಲೆ ಉದುರಿಸಿ ಒಂದು ತಿಂಗಳು ಸುಮ್ನೆ ನಿಂತವು. ಗಾಳಿ ಬಗ್ಗೆ ಯಾರೂ ಹೇಳ್ತಿಲ್ಲ ಅಲ್ವಾ? ಒಳಗೆ ಬೆಳೆದ ದಂಟು ಗಾಳಿ ಕಂಡಿರಲ್ಲ. ಈಗ ಮೊದಲೇ ಫ್ಯಾನ್ ಹಾಕ್ತೀನಿ. ಕಳೆದ ಸಲ ಒಂದೊಂದು ಕಾಯಿಗೆ 4 ಡಾಲರ್ ಬಿತ್ತು ಅಂತ ಹೆಂಡತಿ ಲೆಕ್ಕ ಹಾಕಿದ್ದಾಳೆ. ನಾನು ಒಪ್ಪಿಲ್ಲ.

ಶಿರಸಿ ಹತ್ತಿರ: ಮೆಣಸಿಗೆ ಯಾಕೆ ಇಷ್ಟು ಬಿಸಿಲು ಕೊಡ್ತೀರಿ? ನಾನು 200 ಪಣಿಯೂರು-1 ಬಳ್ಳಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೇರು ಬರಿಸಿ, ಅಡಿಕೆ ತೋಟದಲ್ಲೇ ಒಂದು ತಿಂಗಳು ಇಟ್ಟು ಜೂನ್‌ನಲ್ಲಿ ಮರಕ್ಕೆ ಹಚ್ಚಿದೆ. 170 ಹಿಡಿದವು. ಮರುವರ್ಷ ಸೊರಗು ರೋಗ ಬಂದು 60 ಹೋದವು, ಅದು ಬೇರೆ ಕತೆ.

ಕುಂದಗೋಳ: ಅದು ಕಾಳುಮೆಣಸು ಸ್ವಾಮಿ! ಪ್ರಶ್ನೆ ಓದಿ. ಬ್ಯಾಡಗಿ ಅಂತ ಬರೆದಿದೆ.

ಶಿರಸಿ ಹತ್ತಿರ: ಮೆಣಸು ಅಂದರೆ ಮೊದಲಿಂದಲೂ ಇದೇ. ನಿಮ್ಮದು ಪೋರ್ಚುಗೀಸರು ಹಡಗಲ್ಲಿ ತಂದ ಕಾಯಿ. ನಮ್ಮ ಹೆಸರನ್ನೇ ಇಟ್ಟುಕೊಂಡು ನಮಗೇ ಜೋರು ಮಾಡಬೇಡಿ.

ರಾಣೆಬೆನ್ನೂರು ಕಡೆಯವ: 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕ ಬ್ಯಾಡಗಿ ಕಾಯಿಗೆ ಹೊರಗಿನದು ಅಂತೀರಾ? ಸಾರಿಗೆ ಬಣ್ಣ ಯಾವುದರಿಂದ ಬರುತ್ತೆ ನಿಮ್ಮನೇಲಿ?

ಮಿಷಿಗನ್‌ನಿಂದ: ಫ್ಯಾನ್ ವಿಷಯ ಯಾರಾದರೂ ಪ್ರಯತ್ನಿಸಿದ್ದೀರಾ?

ಬೆಂಗಳೂರು, ತಾರಸಿ ತೋಟ: ಐದನೇ ದಿನ. ಬೆಳಗ್ಗೆ ಎರಡು ತಾಸು ಬಿಸಿಲು ಕೊಟ್ಟು ಒಳಗಿಡ್ತಿದ್ದೇನೆ, ಸುಳಿಯಲ್ಲಿ ಹೊಸ ಎಲೆ ಕಾಣ್ತಿದೆ. ಆರು ಕುಂಡ ಮಾತ್ರ ಮೇಲೇ ಮರೆತಿದ್ದೆ. ಪಕ್ಕದ ಮನೆಯವರು ಅವುಗಳ ಮೇಲೆ ಹಗ್ಗ ಕಟ್ಟಿ ಬೆಡ್‌ಶೀಟ್ ಒಣಹಾಕಿದ್ದಾರೆ. ನೋಡಿದರೆ ಅವೇ ಎಲ್ಲಕ್ಕಿಂತ ಚೆನ್ನಾಗಿವೆ.

ಕುಂದಗೋಳ: ಹಾಗಾದ್ರೆ ಬೆಡ್‌ಶೀಟ್ ತೆಗೆಸಬೇಡಿ ತಾಯಿ, ಇನ್ನೂ ಎರಡು ದಿನ ಇರಲಿ.

ರಾಣೆಬೆನ್ನೂರು ಕಡೆಯವ: ಅಂದ್ರೆ ನೆರಳು ಬೇಕು ಅಂತ ಒಪ್ಪಿದ್ರಿ?

ಕುಂದಗೋಳ: ಒದ್ದೆ ಬೆಡ್‌ಶೀಟ್ ಅದು. ನೀರಿನ ಆಟ ಅಂತ ಆವಾಗ್ಲೇ ಹೇಳಿದೆ.