ಯಾರೂ ಕಳಿಸದಿದ್ದರೂ ನೀವಾಗಿಯೇ ತೆರೆದು ನೋಡುವ ಕನ್ನಡ ಜಾಲತಾಣಗಳು ಯಾವುವು?

ತುಂಗಾತೀರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಸುದ್ದಿಗಾಗಲಿ ಮನರಂಜನೆಗಾಗಲಿ ಈಚೆಗೆ ನಾನಾಗಿ ಯಾವ ತಾಣಕ್ಕೂ ಹೋಗುತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಗಳನ್ನು ಓದುವುದರಲ್ಲೇ ಹೊತ್ತು ಹೋಗುತ್ತದೆ. ಓದಿದ್ದು ಯಾವ ಪತ್ರಿಕೆಯದು, ಯಾವ ದಿನದ್ದು ಎಂಬುದು ನೆನಪಿನಲ್ಲಿ ನಿಲ್ಲುವುದಿಲ್ಲ, ಮತ್ತೆ ಬೇಕೆಂದು ಹುಡುಕಿದರೆ ಸಿಗುವುದೂ ಇಲ್ಲ. ನೀವು ನಿಯಮಿತವಾಗಿ ಹೋಗುವ ತಾಣಗಳು ಯಾವುವು, ಅಲ್ಲಿ ಏನನ್ನು ಓದುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಬರಿಯ ಹೆಸರುಗಳ ಪಟ್ಟಿ ಬೇಡ. ಅಲ್ಲಿಗೇ ಹೋಗುವುದೇಕೆ ಎಂಬುದೂ ಗೊತ್ತಾಗಲಿ.

ಹಳೇಓದುಗ:
ಸುದ್ದಿಯ ಮಟ್ಟಿಗೆ ನಾನು ಪತ್ರಿಕೆಗಳ ಜಾಲತಾಣಕ್ಕಿಂತ ಅವುಗಳ ಇ–ಪೇಪರನ್ನೇ ನೆಚ್ಚಿದ್ದೇನೆ. ತಾಣದ ಮುಖಪುಟದಲ್ಲಿ ನಟಿಯೊಬ್ಬರ ಮದುವೆಯ ಚಿತ್ರಗಳೂ ಜಲಾಶಯದ ಒಳಹರಿವಿನ ವರದಿಯೂ ಒಂದೇ ಅಳತೆಯ ಚೌಕಗಳಲ್ಲಿ ಕುಳಿತಿರುತ್ತವೆ. ಇ–ಪೇಪರಿನಲ್ಲಾದರೆ ಯಾವುದು ಮೊದಲ ಪುಟಕ್ಕೆ ತಕ್ಕದ್ದು, ಯಾವುದು ಒಳಪುಟದ ಮೂಲೆಗೆ ಸಾಕು ಎಂದು ಹಿಂದಿನ ರಾತ್ರಿ ಯಾರೋ ಕುಳಿತು ತೀರ್ಮಾನಿಸಿರುತ್ತಾರೆ. ಆ ತೀರ್ಮಾನವನ್ನು ನಾನು ಒಪ್ಪದಿರಬಹುದು, ಆದರೆ ಹಾಗೊಂದು ತೀರ್ಮಾನ ನಡೆದಿದೆ ಎಂಬುದೇ ದೊಡ್ಡ ಅನುಕೂಲ. ಮೇಲಾಗಿ, ಕೊನೆಯ ಪುಟ ಬಂದರೆ ಓದು ಮುಗಿಯಿತು.

‘ಪ್ರಜಾವಾಣಿ’ಯಲ್ಲಿ ನಾನು ತಪ್ಪದೆ ನೋಡುವುದು ಹಿಂದಿನ ವರ್ಷಗಳ ಇದೇ ದಿನದ ಸುದ್ದಿಯನ್ನು ಮರುಮುದ್ರಿಸುವ ಪುಟ್ಟ ಅಂಕಣ. ಪತ್ರಿಕೆ ಆರಂಭವಾದದ್ದು 1948ರಲ್ಲಿ. ಹೀಗಾಗಿ 75 ವರ್ಷ ಹಿಂದಿನ ಸುದ್ದಿಯನ್ನೂ ಈಗ ಅಲ್ಲಿ ಓದಬಹುದು. ಅಕ್ಕಿಯ ಅಭಾವ, ಗಡಿ ತಕರಾರು, ನೀರಿನ ಹಂಚಿಕೆ ಎಂದು ಓದುತ್ತಾ ಹೋದಂತೆ, ಇಂದಿನ ಸುದ್ದಿಗೆ ಅಷ್ಟೊಂದು ಗಾಬರಿಯಾಗಬೇಕಿಲ್ಲ ಎನ್ನಿಸುತ್ತದೆ. ಕರಾವಳಿಯ ವಿಷಯಕ್ಕೆ ಮಣಿಪಾಲದ ‘ಉದಯವಾಣಿ’ ಇದೆ. ಅದರ ಜೊತೆಗೆ, 2003ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ‘ವಾರ್ತಾಭಾರತಿ’ಯನ್ನೂ ಓದಿದರೆ ಒಂದೇ ಘಟನೆಯ ಎರಡು ಮಗ್ಗುಲುಗಳು ಕಾಣುತ್ತವೆ.

ಸಂಜೆಮಲ್ಲಿಗೆ:
ಹಳೇಓದುಗರ ಮಾತನ್ನು ಅರ್ಧದಷ್ಟು ಒಪ್ಪುತ್ತೇನೆ. ಮುದ್ರಿತ ಪತ್ರಿಕೆಯ ತೂಕವೇನೋ ಸರಿ, ಆದರೆ ಪತ್ರಿಕೆಗಳಲ್ಲಿ ಜಾಗ ಸಿಗದ ವರದಿಗಳಿಗೆಂದೇ ಹುಟ್ಟಿದ ತಾಣಗಳೂ ಕನ್ನಡದಲ್ಲಿವೆ. ‘ದಿ ಫೈಲ್’ ತಾಣದ ವರದಿಗಳು ಹೆಚ್ಚಾಗಿ ಸರ್ಕಾರಿ ಕಡತ, ಟಿಪ್ಪಣಿ ಹಾಳೆ, ಪತ್ರವ್ಯವಹಾರಗಳನ್ನೇ ಆಧರಿಸಿರುತ್ತವೆ. ಓದಲು ಅಷ್ಟು ಸಲೀಸಲ್ಲ, ವಾಕ್ಯಗಳೂ ಕಚೇರಿಯ ಧಾಟಿಯವೇ. ಆದರೂ ಯಾರೋ ‘ಮೂಲಗಳು ತಿಳಿಸಿವೆ’ ಎಂದದ್ದನ್ನು ನಂಬುವುದಕ್ಕೂ ದಾಖಲೆಯ ಪುಟವನ್ನೇ ಕಣ್ಣಾರೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಇನ್ನೊಂದು ‘ಈದಿನ’. 2023ರ ವಿಧಾನಸಭಾ ಚುನಾವಣೆಗೆ ಮೊದಲು ಅವರು ನಡೆಸಿದ ಸಮೀಕ್ಷೆ ಕಾಂಗ್ರೆಸ್ಸಿಗೆ 132ರಿಂದ 140 ಸ್ಥಾನಗಳು ಬರಬಹುದೆಂದು ಹೇಳಿತ್ತು. ಅತಂತ್ರ ವಿಧಾನಸಭೆಯ ಮಾತು ಜೋರಾಗಿದ್ದ ಆ ದಿನಗಳಲ್ಲಿ ಅದನ್ನು ನಂಬಿದವರು ಕಡಿಮೆ. ಫಲಿತಾಂಶ ಬಂದಾಗ ಆ ಪಕ್ಷ ಗೆದ್ದದ್ದು 135. ಈ ತಾಣಕ್ಕೆ ತನ್ನದೇ ಒಲವುಗಳಿವೆ, ಅದನ್ನು ಅದು ಮುಚ್ಚಿಡುವುದೂ ಇಲ್ಲ; ಅದನ್ನು ತಿಳಿದುಕೊಂಡೇ ಓದುತ್ತೇನೆ.

ಓಲೆಗರಿ:
ಸುದ್ದಿಯನ್ನು ನಾನು ದಿನಕ್ಕೊಮ್ಮೆ ಕೇಳಿ ಮುಗಿಸುವವನು: ಆಕಾಶವಾಣಿಯ ಬೆಂಗಳೂರು ಮತ್ತು ಧಾರವಾಡ ಕೇಂದ್ರಗಳ ಪ್ರದೇಶ ಸಮಾಚಾರದ ಧ್ವನಿಮುದ್ರಿಕೆಗಳು ‘ನ್ಯೂಸ್ ಆನ್ ಏರ್’ ತಾಣದಲ್ಲಿ ಸಿಗುತ್ತವೆ. ಉಳಿದ ಬಿಡುವೆಲ್ಲ ಸಾಹಿತ್ಯಕ್ಕೆ ಮೀಸಲು. ‘ಕೆಂಡಸಂಪಿಗೆ’, ‘ಅವಧಿ’, ‘ಋತುಮಾನ’ಗಳಲ್ಲಿ ಹೊಸ ಬರಹ ಬಂದಿದೆಯೇ ಎಂದು ನೋಡದೆ ಮಲಗುವ ಅಭ್ಯಾಸವಿಲ್ಲ. ಮಹಾಪ್ರಾಣಗಳನ್ನು ಬಿಟ್ಟು ಬರೆಯುವ ‘ಹೊನಲು’ ಕೆಲವರಿಗೆ ಹಿಡಿಸದು. ಅಡುಗೆಯಿಂದ ಅರಿಮೆಯವರೆಗೆ (ವಿಜ್ಞಾನದವರೆಗೆ) ಎಲ್ಲವನ್ನೂ ಅದೇ ನುಡಿಯಲ್ಲಿ ಬರೆಯುವ ಅವರ ಹಟ ನನಗಂತೂ ಇಷ್ಟ.

ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತು ಕಳೆಯುವುದು ‘ವಚನ ಸಂಚಯ’ದಲ್ಲಿ. ಅದನ್ನು ಮನರಂಜನೆಯೆಂದರೆ ನಗುವವರಿದ್ದಾರೆ. ಆದರೆ ‘ಹಾವು’ ಎಂದೋ ‘ಉಪ್ಪು’ ಎಂದೋ ಒಂದು ಪದವನ್ನು ಟೈಪಿಸಿ ನೋಡಿ; ಆ ಪದವಿರುವ ವಚನಗಳು ವಚನಕಾರರ ಹೆಸರಿನೊಂದಿಗೆ ಸಾಲಾಗಿ ಬರುತ್ತವೆ. ಬಸವಣ್ಣನವರ ಮುಂದಿನ ಸಾಲಿನಲ್ಲೇ, ಪಠ್ಯಪುಸ್ತಕದಲ್ಲಿ ಎಂದೂ ಕಾಣದ ಒಬ್ಬ ಕಾಯಕಜೀವಿಯ ವಚನ ಎದುರಾಗುತ್ತದೆ. ಹೀಗೆ ಪದದಿಂದ ಪದಕ್ಕೆ ಹಾರುತ್ತಾ ರಾತ್ರಿ ಹನ್ನೊಂದಾದದ್ದೂ ಉಂಟು.

ತುಂಗಾತೀರ:
ಎಲ್ಲರಿಗೂ ಧನ್ಯವಾದಗಳು. ಮನೆಯಲ್ಲಿ ಹಿರಿಯರಿದ್ದಾರೆ, ಓದುವುದಕ್ಕಿಂತ ನೋಡುವುದು, ಕೇಳುವುದು ಅವರಿಗೆ ಸುಲಭ. ಅವರಿಗಾಗಿ ಏನಾದರೂ ಹೇಳುವಿರಾ?

ಚೆಂಡೆಮದ್ದಳೆ:
ಯಕ್ಷಗಾನದ ಅಭಿರುಚಿ ಇದ್ದರೆ ಯೂಟ್ಯೂಬ್ ಒಂದೇ ಸಾಕು. ಮೇಳಗಳ ತಿರುಗಾಟದ ಕಾಲದಲ್ಲಿ ಒಂದಲ್ಲ ಒಂದು ಊರಿನ ಆಟ ನೇರಪ್ರಸಾರವಾಗುತ್ತಿರುತ್ತದೆ. ಮೇ ತಿಂಗಳ ಕೊನೆಯಲ್ಲಿ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ತಿರುಗಾಟ ಮುಗಿಸುವ ದಿನ, ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲಕ್ಕೆ ತಾಳಮದ್ದಳೆಗಳಿವೆ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ; ಆದ್ದರಿಂದ ಕಣ್ಣು ಮಂಜಾದವರೂ ಕುಳಿತಲ್ಲೇ ಪೂರ್ತಿ ಸವಿಯಬಹುದು. ಯಕ್ಷಗಾನದ ಎರಡು ಶೈಲಿಗಳಲ್ಲಿ ತೆಂಕು ಬೇಕೋ ಬಡಗು ಬೇಕೋ ಎಂದು ಮೊದಲೇ ಕೇಳಿಕೊಳ್ಳಿ, ಇಲ್ಲವಾದರೆ ಮನೆಯಲ್ಲಿ ಜಗಳವಾದೀತು. ಪ್ರಸಂಗದ ಹೆಸರನ್ನು ಕನ್ನಡದಲ್ಲೇ ಟೈಪಿಸಿ ಹುಡುಕಿದರೆ ಇಡೀ ರಾತ್ರಿಯ ಆಟಗಳು ಸಿಗುತ್ತವೆ. ಆ್ಯಪ್ ತಾನಾಗಿ ಮುಂದಿಡುವ ತುಣುಕುಗಳಲ್ಲಿ ಹಾಸ್ಯದ ದೃಶ್ಯಗಳೇ ಹೆಚ್ಚು.

ಹಳೇಓದುಗ:
ತುಂಗಾತೀರ ಅವರೇ, ಒಂದು ಮಾತು ಬಿಟ್ಟುಹೋಗಿತ್ತು. ಇಲ್ಲಿ ಬಂದ ಹೆಸರುಗಳಲ್ಲಿ ಮೂರನ್ನೋ ನಾಲ್ಕನ್ನೋ ಆರಿಸಿ, ಮೊಬೈಲಿನ ಬ್ರೌಸರ್‌ನಲ್ಲಿ ತೆರೆದು, ಮೆನುವಿನಲ್ಲಿರುವ ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಎಂಬುದನ್ನು ಒತ್ತಿರಿ; ಪರದೆಯ ಮೇಲೆ ಅವುಗಳ ಗುರುತು ಬಂದು ಕೂರುತ್ತದೆ. ತಾಣ ತೆರೆದ ಕೂಡಲೇ ‘ಸೂಚನೆಗಳನ್ನು ಕಳಿಸಬಹುದೇ’ ಎಂಬ ಪ್ರಶ್ನೆ ಬಂದರೆ ಬೇಡವೆನ್ನಿ. ಒಪ್ಪಿಕೊಂಡರೆ ಮತ್ತೆ ಅವರು ಕಳಿಸಿದ್ದನ್ನೇ ಓದುವ ಹಾಗಾಗುತ್ತದೆ.