ಅಪ್‌ಡೇಟ್: ಪಾರ್ಶ್ವವಾಯು ಆದ ಮೇಲೆ ಅಪ್ಪನ ಎಡಗಡೆ ನೋಟ

ಪಾರ್ಶ್ವವಾಯು ಆದ ಮೇಲೆ ಅಪ್ಪನಿಗೆ ಎಡಗಡೆ ಏನೂ ಕಾಣುತ್ತಿಲ್ಲ, ಕನ್ನಡಕ ಬದಲಿಸಿದರೆ ಸರಿಹೋಗುತ್ತಾ ಅಂತ 4 ತಿಂಗಳ ಹಿಂದೆ ಕೇಳಿದ್ದೆ.

ಹೋಗುವುದಿಲ್ಲ. ಪೆಟ್ಟು ಬಿದ್ದಿರುವುದು ಕಣ್ಣಿಗಲ್ಲ, ಮೆದುಳಿನ ಬಲಭಾಗಕ್ಕೆ. ಅದಕ್ಕೇ ಎರಡೂ ಕಣ್ಣಲ್ಲಿ ಎಡಗಡೆ ಅರ್ಧ ಹೋಗಿದೆ. ಇದು ಗೊತ್ತಿಲ್ಲದೆ ಇಲ್ಲೇ ಕಲಬುರಗಿಯಲ್ಲಿ ಸುಮ್ನೆ ಹೊಸ ಕನ್ನಡಕ ಮಾಡಿಸಿ ದುಡ್ಡು ಕಳೆದೆ.

ಈಗ ಮಾಡಿಸುತ್ತಿರುವುದು ನೋಟ ಹೊರಳಿಸುವ ಅಭ್ಯಾಸ. ಕಾಣದ ಕಡೆಗೆ ಬೇಕಂತಲೇ ದೂರದವರೆಗೆ ಕಣ್ಣು ಹೊರಳಿಸಿ ಹುಡುಕುವುದು, ದಿನಾ ಅರ್ಧ ಗಂಟೆ. ಅವ್ವ ರೊಟ್ಟಿ ಬಲಕ್ಕೆ, ಪುಂಡಿಪಲ್ಯ ಎಡಕ್ಕೆ ಬಡಿಸುತ್ತಾಳೆ. ಮೊದಲು "ಪಲ್ಯಾ ಎಲ್ಲಿ?" ಅಂತ ರೇಗುತ್ತಿದ್ದರು. ಈಗ ತಾವೇ ಹುಡುಕಿಕೊಳ್ಳುತ್ತಾರೆ. ಪೇಪರ್ ಓದುವಾಗ ಸಾಲಿನ ಶುರುವೇ ಸಿಗುತ್ತಿರಲಿಲ್ಲ. ಎಡ ಅಂಚಿಗೆ ಕೆಂಪು ಪಟ್ಟಿ ಇಟ್ಟೆವು. ಪಟ್ಟಿ ಕಂಡ ಮೇಲೆಯೇ ಓದಬೇಕು. ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಇದೇ.

ಹೋದ ನೋಟ ಮಾತ್ರ ಬಂದಿಲ್ಲ. ತಾನಾಗಿ ಮರಳುವುದು ಹೆಚ್ಚಾಗಿ ಮೊದಲ 3 ತಿಂಗಳಲ್ಲೇ ಅಂತೆ. ಎಡಗಡೆಯದನ್ನು ಕಾಣುವ ಕಡೆಗೆ ಸರಿಸಿ ತೋರಿಸುವ ಪ್ರಿಸಂ ಕನ್ನಡಕವೂ ಇದೆ. ಅಪ್ಪನಿಗೆ ತಲೆ ಸುತ್ತಿತು, ಬಿಟ್ಟೆವು.

ಬೈಕ್ ಕೀ ನನ್ನ ಹತ್ತಿರವೇ ಇದೆ. ಅದಕ್ಕೆ ಇನ್ನೂ ಮುನಿಸು. ಸೂಪರ್ ಮಾರ್ಕೆಟ್ ಕಡೆ ಹೋದರೆ ನಾನು ಅವರ ಎಡಕ್ಕೇ ನಡೆಯುತ್ತೇನೆ.